ಬಾಗಿಲಿಗೆ ಬರುವ ದಿನಸಿ: ಒಂಬತ್ತು ತಪ್ಪು ಕಲ್ಪನೆ, ಒಂಬತ್ತು ವಾಸ್ತವ

‘ಮನೆಯಲ್ಲೇ ಇರಿ’ ಎಂದು ಹೇಳುವುದು ಸುಲಭ. ಆದರೆ ಮನೆಯಲ್ಲೇ ಇರಬೇಕಾದವರ ಬೇಳೆ ಡಬ್ಬಿ ಖಾಲಿಯಾಗಿದ್ದರೆ ಆ ಮಾತು ಒಂದು ದಿನವೂ ನಿಲ್ಲುವುದಿಲ್ಲ. ಜ್ವರ ಇದ್ದವರೇ ಮುಖಕ್ಕೆ ಟವೆಲ್ ಸುತ್ತಿಕೊಂಡು ಅಂಗಡಿಗೆ ಹೊರಡುತ್ತಾರೆ. ಅವರಿಗೆ ಬೇರೆ ದಾರಿ ಇರುವುದಿಲ್ಲ.

ಕೋವಿಡ್‌ನ ಎರಡು ಬೇಸಿಗೆಗಳಲ್ಲಿ, 2020 ಮತ್ತು 2021ರಲ್ಲಿ, ಹಾಸನ, ಹೊಳೆನರಸೀಪುರ, ಅರಕಲಗೂಡು, ಚನ್ನರಾಯಪಟ್ಟಣದ ಜನ ಇದನ್ನು ಚೆನ್ನಾಗಿ ಕಂಡಿದ್ದಾರೆ. ಆಗ ಹುಟ್ಟಿಕೊಂಡ ಎಷ್ಟೋ ತಪ್ಪು ತಿಳಿವಳಿಕೆಗಳು ಇಂದಿಗೂ ಹಾಗೇ ಉಳಿದಿವೆ. ಕೆಲವು ಅನಗತ್ಯ ಭಯ ಹುಟ್ಟಿಸುತ್ತವೆ, ಕೆಲವು ಅನಗತ್ಯ ಧೈರ್ಯ ಕೊಡುತ್ತವೆ. ಎರಡರಿಂದಲೂ ನಷ್ಟವೇ. ಕಾಯಿಲೆ ಬಿದ್ದವರ ಮನೆಗೆ ದಿನಸಿ ತಲುಪಿಸುವುದು ಉಪಕಾರವೂ ಅಲ್ಲ, ಐಷಾರಾಮವೂ ಅಲ್ಲ. ಅದು ಚಿಕಿತ್ಸೆಯದೇ ಒಂದು ಭಾಗ. ಈ ಒಂದು ಮಾತನ್ನು ಮನಸ್ಸಿನಲ್ಲಿಟ್ಟುಕೊಂಡು ಒಂದೊಂದನ್ನೇ ನೋಡೋಣ.

ತಪ್ಪು ಕಲ್ಪನೆ 1: ಮನೆಗೆ ದಿನಸಿ ತರಿಸುವುದು ಬೆಂಗಳೂರಿನವರಿಗೆ ಸರಿ, ನಮ್ಮ ತಾಲ್ಲೂಕಿನಲ್ಲಿ ಆಗುವ ಮಾತಲ್ಲ

ವಾಸ್ತವ: ನಮ್ಮ ಊರುಗಳಲ್ಲಿ ಬಾಗಿಲಿಗೆ ಸಾಮಾನು ಬರುವುದು ಹೊಸದೇನೂ ಅಲ್ಲ. ಬೆಳಕು ಹರಿಯುವ ಹೊತ್ತಿಗೆ ಹಾಲಿನ ಪ್ಯಾಕೆಟ್ ಬರುತ್ತದೆ, ಪೇಪರ್ ಬರುತ್ತದೆ. ಸೊಪ್ಪಿನವರು ಕೂಗುತ್ತಾ ಬೀದಿಗೆ ಬರುತ್ತಾರೆ. ಗ್ಯಾಸ್ ಸಿಲಿಂಡರ್ ಹೊತ್ತು ತಂದು ಅಡುಗೆಮನೆ ಬಾಗಿಲಲ್ಲಿ ಇಳಿಸುತ್ತಾರೆ. ತಿಂಗಳ ಸಾಮಾನಿಗೆ ಚೀಟಿ ಬರೆದು ದಿನಸಿ ಅಂಗಡಿಗೆ ಕಳಿಸಿ, ಕಟ್ಟಿಸಿಟ್ಟು, ಸಂಜೆ ಅಂಗಡಿ ಹುಡುಗನ ಕೈಯಲ್ಲಿ ತರಿಸಿಕೊಳ್ಳುವ ರೂಢಿ ಮೊಬೈಲ್ ಫೋನಿಗಿಂತ ಹಳೆಯದು. ಕೋವಿಡ್ ಬಂದಾಗ ಆ ಚೀಟಿ ವಾಟ್ಸ್ಯಾಪ್ ಫೋಟೊ ಆಯಿತು, ಲೆಕ್ಕದ ಪುಸ್ತಕದ ಬಾಕಿ ಫೋನ್‌ಪೇ, ಗೂಗಲ್‌ಪೇಗೆ ಬಂತು. ಕೆಲಸ ಮಾತ್ರ ಅದೇ.

ಇನ್ನೊಂದು ಕಡೆ, ಆ್ಯಪ್ ಇದ್ದ ಮಾತ್ರಕ್ಕೆ ಸಾಮಾನು ಬಂದೇ ಬರುತ್ತದೆ ಎಂಬುದೂ ಸುಳ್ಳಾಯಿತು. 2020ರ ಮಾರ್ಚ್ ಕೊನೆಯ ವಾರದಲ್ಲಿ ದೊಡ್ಡ ನಗರಗಳಲ್ಲೇ ಆನ್‌ಲೈನ್ ದಿನಸಿ ಕಂಪನಿಗಳು ತತ್ತರಿಸಿದವು. ಗೋದಾಮುಗಳು ಮುಚ್ಚಿದವು, ಸಾಮಾನು ತಲುಪಿಸುವ ಹುಡುಗರನ್ನು ರಸ್ತೆಯಲ್ಲಿ ತಡೆಯಲಾಯಿತು, ಆರ್ಡರ್‌ಗಳು ರದ್ದಾದವು. ಆ ದಿನಗಳಲ್ಲಿ ಊಟಕ್ಕೆ ದಾರಿಯಾದದ್ದು ಬೀದಿ ಕೊನೆಯ ಅಂಗಡಿಯೇ.

ಕನ್ನಡಿಗರು ದೊಡ್ಡ ಸಂಖ್ಯೆಯಲ್ಲಿರುವ ಕಾಸರಗೋಡಿನಲ್ಲಿ ಇದೇ ಕೆಲಸ ಇನ್ನೊಂದು ರೀತಿಯಲ್ಲಿ ನಡೆಯಿತು. 2020ರ ಮಾರ್ಚ್‌ನಲ್ಲಿ ಅಲ್ಲಿ ಸೋಂಕು ವಿಪರೀತ ಹೆಚ್ಚಿ, ಜನ ಹೊರಗೆ ಕಾಲಿಡದಂತೆ ಕಟ್ಟುನಿಟ್ಟು ಮಾಡಿದಾಗ, ಪೊಲೀಸರೇ ಒಂದು ವಾಟ್ಸ್ಯಾಪ್ ನಂಬರ್ ಕೊಟ್ಟು, ಬೇಕಾದ ಸಾಮಾನಿನ ಪಟ್ಟಿ ಕಳಿಸಿದರೆ ಮನೆಗೆ ತಲುಪಿಸುವ ಏರ್ಪಾಡು ಮಾಡಿದರು. ಹೊರಗೆ ಬರಬೇಡಿ ಎಂದವರೇ ಒಳಗೆ ಬೇಕಾದ್ದನ್ನು ತಲುಪಿಸುವ ಹೊಣೆಯನ್ನೂ ಹೊತ್ತುಕೊಂಡರು. ನಮ್ಮ ಪಟ್ಟಣಗಳಿಗೆ ಬೇಕಾದದ್ದು ಈ ಹೊಣೆಗಾರಿಕೆ. ಅದಕ್ಕೆ ಬೇಕಾದ ಅಂಗಡಿ, ಗಾಡಿ, ಪರಿಚಯ ಎಲ್ಲವೂ ಇಲ್ಲಿ ಮೊದಲಿನಿಂದಲೂ ಇವೆ.

ತಪ್ಪು ಕಲ್ಪನೆ 2: ಲಾಕ್‌ಡೌನ್ ಎಂದರೆ ದಿನಸಿಯೂ ಬಂದ್. ಮೂಟೆಗಟ್ಟಲೆ ತಂದಿಟ್ಟುಕೊಳ್ಳಬೇಕು

ವಾಸ್ತವ: 2020ರ ಮಾರ್ಚ್ 24ರಂದು ಕೇಂದ್ರ ಗೃಹ ಸಚಿವಾಲಯ ಹೊರಡಿಸಿದ ಲಾಕ್‌ಡೌನ್ ಆದೇಶದಲ್ಲೇ ನ್ಯಾಯಬೆಲೆ ಅಂಗಡಿ, ದಿನಸಿ, ಹಣ್ಣು-ತರಕಾರಿ, ಹಾಲು, ಮಾಂಸ, ಮೀನು, ಪಶು ಆಹಾರದ ಅಂಗಡಿಗಳಿಗೆ ವಿನಾಯಿತಿ ಇತ್ತು. ಜನ ಹೊರಗೆ ಓಡಾಡುವುದನ್ನು ಕಡಿಮೆ ಮಾಡಲು ಜಿಲ್ಲಾಡಳಿತಗಳು ಮನೆ ಬಾಗಿಲಿಗೆ ತಲುಪಿಸುವ ವ್ಯವಸ್ಥೆಗೆ ಉತ್ತೇಜನ ಕೊಡಬಹುದೆಂದು ಅದೇ ಆದೇಶ ಹೇಳಿತ್ತು.

ಆದರೂ ಮೂಟೆಗಟ್ಟಲೆ ಕೊಂಡವರಿದ್ದರು. ಮೊದಲ ದಿನ ಕಾಸಿದ್ದವರು ಅಂಗಡಿ ಖಾಲಿ ಮಾಡಿದರೆ, ವಾರದ ಕೂಲಿ ಕೈಗೆ ಬಂದ ಮೇಲೆ ಕೊಳ್ಳುವವರಿಗೆ ಏನೂ ಉಳಿಯುವುದಿಲ್ಲ. ದಾಸ್ತಾನು ಬೇಡವೆಂದಲ್ಲ, ಲೆಕ್ಕ ಹಾಕಿ ಮಾಡಬೇಕು. ಮನೆಯಲ್ಲಿ ನಾಲ್ವರು ದೊಡ್ಡವರು, ಹೊರಗೆ ಹೋಗದೆ 14 ದಿನ ಇರಬೇಕು ಎಂದುಕೊಳ್ಳಿ. ಒಬ್ಬರಿಗೆ ದಿನಕ್ಕೆ ಅಕ್ಕಿ, ರಾಗಿ ಹಿಟ್ಟು, ಗೋಧಿ ಎಲ್ಲ ಸೇರಿ 300 ಗ್ರಾಂ ಹಿಡಿದರೆ ಒಟ್ಟು 17 ಕೆಜಿಯೊಳಗೆ ಮುಗಿಯುತ್ತದೆ. ಬೇಳೆ, ಹುರುಳಿ, ಹೆಸರುಕಾಳು ಸೇರಿ ದಿನಕ್ಕೆ 80 ಗ್ರಾಂ ಅಂದರೆ ನಾಲ್ಕೂವರೆ ಕೆಜಿ. ಅಡುಗೆ ಎಣ್ಣೆ ಒಬ್ಬರಿಗೆ ದಿನಕ್ಕೆ 30 ಮಿಲಿಯಂತೆ ಎರಡು ಲೀಟರ್‌ಗಿಂತ ಕಡಿಮೆ. ಉಪ್ಪು, ಹುಣಸೆ, ಬೆಲ್ಲ, ಸಾಂಬಾರ್ ಪುಡಿ, ಕಾಫಿ ಪುಡಿ ಮನೆಯಲ್ಲಿ ಇದ್ದೇ ಇರುತ್ತವೆ. ತರಕಾರಿಗೆ ಕೆಡದವನ್ನು ಆರಿಸಬೇಕು: ಆಲೂಗಡ್ಡೆ, ಈರುಳ್ಳಿ, ಸಿಹಿಗುಂಬಳ, ಬೂದುಗುಂಬಳ. ಆಲೂಗಡ್ಡೆಗೆ ಹೆಸರಾದ ಹಾಸನ ಜಿಲ್ಲೆ ನಮ್ಮದು. ಚನ್ನರಾಯಪಟ್ಟಣದ ಕಡೆ ಹಿತ್ತಲಿನಲ್ಲೇ ತೆಂಗಿನಕಾಯಿ ಇರುತ್ತದೆ. ಇಷ್ಟಿದ್ದರೆ ಎರಡು ವಾರ ಬಸ್ಸಾರು, ಉಪ್ಪುಸಾರು, ಮುದ್ದೆಗೆ ಕೊರತೆ ಇಲ್ಲ. ಇದು ಒಂದು ಸ್ಕೂಟರ್‌ನಲ್ಲಿ ಬರುವಷ್ಟು ಸಾಮಾನು.

ತಪ್ಪು ಕಲ್ಪನೆ 3: ಬೆಳಗ್ಗೆ ಅಂಗಡಿ ತೆರೆಯುವ ಹೊತ್ತಿಗೆ ಓಡಿ ಹೋಗಿ ತಂದರಷ್ಟೇ ಸಾಮಾನು

ವಾಸ್ತವ: 2021ರ ಏಪ್ರಿಲ್ 27ರ ರಾತ್ರಿಯಿಂದ ರಾಜ್ಯದಲ್ಲಿ ಜನತಾ ಕರ್ಫ್ಯೂ, ಮೇ 10ರಿಂದ ಬಿಗಿಯಾದ ಲಾಕ್‌ಡೌನ್ ಬಂತು. ದಿನಸಿ ಅಂಗಡಿಗಳಿಗೆ ಬೆಳಗ್ಗೆ 6ರಿಂದ 10ರವರೆಗೆ ಮಾತ್ರ ಅವಕಾಶ. ಜೂನ್ 14ರಂದು ಬಹುಪಾಲು ಜಿಲ್ಲೆಗಳಿಗೆ ಸಡಿಲಿಕೆ ಸಿಕ್ಕಿದಾಗಲೂ ಸೋಂಕು ಇಳಿಯದ 11 ಜಿಲ್ಲೆಗಳಲ್ಲಿ ನಿರ್ಬಂಧ ಮುಂದುವರಿಯಿತು. ಹಾಸನ ಆ 11ರಲ್ಲಿ ಒಂದು.

ನಾಲ್ಕು ಗಂಟೆಯ ಅವಧಿಯನ್ನು ಜನ ‘ಆಮೇಲೆ ಏನೂ ಸಿಗುವುದಿಲ್ಲ’ ಎಂದು ಅರ್ಥ ಮಾಡಿಕೊಂಡರು. ದಿನವಿಡೀ ಹರಡಿಕೊಂಡು ಬರುತ್ತಿದ್ದ ಗಿರಾಕಿಗಳೆಲ್ಲ ಒಂದೇ ಹೊತ್ತಿಗೆ ಅಂಗಡಿ ಮುಂದೆ ನಿಂತರು. ಸೋಂಕು ತಪ್ಪಿಸಲು ಮಾಡಿದ ನಿಯಮ ಒತ್ತಾಗಿ ನಿಲ್ಲುವ ಗುಂಪನ್ನು ಸೃಷ್ಟಿಸಿತು.

ಆದರೆ ಆ ನಿಯಮದಲ್ಲೇ ಬೇರೆ ಬಾಗಿಲುಗಳು ತೆರೆದಿದ್ದವು. ಅಗತ್ಯ ವಸ್ತುಗಳನ್ನು ಮನೆಗೆ ತಲುಪಿಸುವುದಕ್ಕೆ ಹೊತ್ತಿನ ಮಿತಿ ಇರಲಿಲ್ಲ. ತಳ್ಳುಗಾಡಿಯಲ್ಲಿ ಹಣ್ಣು-ತರಕಾರಿ ಮಾರುವವರಿಗೆ ಸಂಜೆ 6ರವರೆಗೆ ಅವಕಾಶವಿತ್ತು. ಸಂತೆ ನಿಂತಿತ್ತು, ಆದರೆ ಸಂತೆಯ ತರಕಾರಿ ಬೀದಿಗೇ ಬರಬಹುದಿತ್ತು. ಮತ್ತೆ ಇಂಥ ಪರಿಸ್ಥಿತಿ ಬಂದರೆ ಮಾಡಬೇಕಾದ್ದು ಇಷ್ಟು: ಆರೋಗ್ಯವಾಗಿರುವವರೂ ಸಾಧ್ಯವಾದಷ್ಟು ಸಾಮಾನನ್ನು ಹಿಂದಿನ ದಿನವೇ ಫೋನ್‌ನಲ್ಲಿ ಹೇಳಿ ಕಟ್ಟಿಸಿಡಬೇಕು. ಅಂಗಡಿ ಮುಂದೆ ನಿಲ್ಲುವುದು ಎರಡು ನಿಮಿಷಕ್ಕೆ ಇಳಿಯುತ್ತದೆ. ಅಂಗಡಿಯವರಿಗೂ ಮಧ್ಯಾಹ್ನದ ಹೊತ್ತು ಮನೆಮನೆಗೆ ತಲುಪಿಸಲು ಬಿಡುವಾಗುತ್ತದೆ.

ತಪ್ಪು ಕಲ್ಪನೆ 4: ಬಂದ ಸಾಮಾನನ್ನೆಲ್ಲ ಸೋಪು, ಬ್ಲೀಚಿಂಗ್ ಪುಡಿ, ಸ್ಯಾನಿಟೈಸರ್ ಹಾಕಿ ತೊಳೆಯಬೇಕು

ವಾಸ್ತವ: ಬಹಳ ಹಾನಿ ಮಾಡಿದ ತಪ್ಪು ಕಲ್ಪನೆ ಇದು. ಅದು ಹುಟ್ಟಿದ ಬಗೆಯೂ ತಿಳಿಯಬೇಕು. 2020ರ ಮಾರ್ಚ್‌ನಲ್ಲಿ ಒಂದು ಪ್ರಯೋಗಾಲಯದ ಅಧ್ಯಯನ ಪ್ರಕಟವಾಯಿತು. ಪ್ಲಾಸ್ಟಿಕ್ ಮೇಲೆ 72 ಗಂಟೆವರೆಗೆ, ರಟ್ಟಿನ ಮೇಲೆ 24 ಗಂಟೆವರೆಗೆ ಜೀವಂತ ವೈರಸ್ ಪತ್ತೆಯಾಯಿತು ಎಂದು ಅದು ಹೇಳಿತು. ಸುದ್ದಿ ಹರಡಿದ್ದು ಇಷ್ಟೇ. ಆ ಅವಧಿಯಲ್ಲಿ ವೈರಸ್ಸಿನ ಪ್ರಮಾಣ ಗಂಟೆಗಂಟೆಗೂ ಕುಸಿಯುತ್ತಾ ಹೋಗುತ್ತದೆ ಎಂಬ, ಅದೇ ಅಧ್ಯಯನದ ಇನ್ನೊಂದು ಭಾಗ ಹರಡಲಿಲ್ಲ. ಪ್ರಯೋಗಾಲಯದಲ್ಲಿ ಪತ್ತೆಯಾಗುವುದು ಬೇರೆ, ಅಂಗಡಿಯ ಬೇಳೆ ಪ್ಯಾಕೆಟ್‌ನಿಂದ ಮನುಷ್ಯನಿಗೆ ರೋಗ ಹತ್ತುವುದು ಬೇರೆ. ಅಮೆರಿಕದ ರೋಗ ನಿಯಂತ್ರಣ ಕೇಂದ್ರ 2021ರ ಏಪ್ರಿಲ್‌ನಲ್ಲಿ ಲಭ್ಯ ಅಧ್ಯಯನಗಳನ್ನೆಲ್ಲ ಒಟ್ಟಿಗೆ ಪರಿಶೀಲಿಸಿ, ವೈರಸ್ ಅಂಟಿದ ವಸ್ತುವನ್ನು ಒಮ್ಮೆ ಮುಟ್ಟುವುದರಿಂದ ಸೋಂಕು ಬರುವ ಸಾಧ್ಯತೆ ಸಾಮಾನ್ಯವಾಗಿ 10,000ಕ್ಕೆ ಒಂದಕ್ಕಿಂತ ಕಡಿಮೆ ಎಂದಿತು.

ಹಾಗಾದರೆ ತೊಳೆಯುವುದರಲ್ಲಿ ತಪ್ಪೇನು? ಬ್ಲೀಚಿಂಗ್ ಪುಡಿಯನ್ನು ಹುಳಿಯುಳ್ಳ ಟಾಯ್ಲೆಟ್ ಕ್ಲೀನರ್ ಜೊತೆ ಬೆರೆಸಿದರೆ ಕ್ಲೋರಿನ್ ಅನಿಲ ಏಳುತ್ತದೆ, ಮೊದಲೇ ಕೆಮ್ಮುತ್ತಿರುವವರ ಶ್ವಾಸಕೋಶಕ್ಕೆ ಅದು ನೇರ ಪೆಟ್ಟು. ಸ್ಯಾನಿಟೈಸರ್ ಸುರಿದ ಪ್ಯಾಕೆಟ್ ಒಲೆ ಹತ್ತಿರ ಇಟ್ಟರೆ ಬೆಂಕಿ ಹೊತ್ತಿಕೊಳ್ಳಬಹುದು. ಸೋಪಿನ ನೀರಲ್ಲಿ ನೆನೆಸಿದ ಸೊಪ್ಪಿನಲ್ಲಿ ಸೋಪು ಉಳಿದು ಹೊಟ್ಟೆಗೆ ಹೋಗುತ್ತದೆ. ಅಮೆರಿಕದಲ್ಲಿ 2020ರ ಮೇ ತಿಂಗಳಲ್ಲಿ ನಡೆಸಿದ ಸಮೀಕ್ಷೆಯೊಂದರಲ್ಲಿ ಶೇ 19ರಷ್ಟು ಜನ ತಿನ್ನುವ ಪದಾರ್ಥಕ್ಕೇ ಬ್ಲೀಚ್ ಬಳಸಿದ್ದಾಗಿ ಹೇಳಿದ್ದರು. ಭಯ ಎಲ್ಲ ದೇಶದಲ್ಲೂ ಒಂದೇ ರೀತಿ ಕೆಲಸ ಮಾಡಿತು.

ಭಾರತದ ಆಹಾರ ಸುರಕ್ಷತಾ ಪ್ರಾಧಿಕಾರವೂ ಆಹಾರಕ್ಕೆ ಸೋಪು, ಸೋಂಕುನಾಶಕ ಹಚ್ಚಬೇಡಿ ಎಂದೇ ಹೇಳಿತ್ತು. ಮಾಡಬೇಕಾದ್ದು ಸರಳ. ಸಾಮಾನು ಒಳಗಿಟ್ಟು ಕೈಯನ್ನು ಸೋಪಿನಲ್ಲಿ 20 ಸೆಕೆಂಡ್ ತೊಳೆಯಿರಿ. ತರಕಾರಿಯನ್ನು ಹೆಚ್ಚುವ ಮುಂಚೆ ಹರಿಯುವ ಶುದ್ಧ ನೀರಿನಲ್ಲಿ ಉಜ್ಜಿ ತೊಳೆಯಿರಿ. ಆಲೂಗಡ್ಡೆ, ಈರುಳ್ಳಿಯನ್ನು ಮಾತ್ರ ತೊಳೆದು ಎತ್ತಿಡಬೇಡಿ, ತೇವ ಉಳಿದು ಬೇಗ ಮೆತ್ತಗಾಗಿ ಕೊಳೆಯಲು ಶುರುವಾಗುತ್ತವೆ. ಹಾಲಿನ ಪ್ಯಾಕೆಟ್ ನೀರಲ್ಲಿ ತೊಳೆದು ಕತ್ತರಿಸಿ, ಹಾಲು ಕಾಯಿಸಿ. ಇಷ್ಟೇ ಸಾಕು.

ತಪ್ಪು ಕಲ್ಪನೆ 5: ಸಾಮಾನು ಮುಟ್ಟದಿದ್ದರಾಯಿತು, ಬಾಗಿಲಲ್ಲಿ ನಿಂತು ಮಾತಾಡಿದರೆ ಏನಾಗುತ್ತದೆ?

ವಾಸ್ತವ: ಇದು ಹಿಂದಿನದರ ಇನ್ನೊಂದು ಮುಖ. ಪ್ಯಾಕೆಟ್‌ಗೆ ಹೆದರಿದವರು ಉಸಿರಿಗೆ ಹೆದರಲಿಲ್ಲ. ಕೋವಿಡ್, ಫ್ಲೂ, ದಡಾರ ಮುಖ್ಯವಾಗಿ ಹರಡುವುದು ಉಸಿರು, ಕೆಮ್ಮು, ಮಾತಿನಿಂದ. ಹತ್ತಿರ ನಿಂತು, ಮಾಸ್ಕ್ ಗಲ್ಲಕ್ಕೆ ಇಳಿಸಿ, ಚಿಲ್ಲರೆ ಎಣಿಸುತ್ತಾ ಐದು ನಿಮಿಷ ಆಡುವ ಮಾತೇ ನಿಜವಾದ ಅಪಾಯ.

ಸರಿಯಾದ ಕ್ರಮ ಹೀಗೆ. ಸಾಮಾನು ತರುವವರು ಬೀದಿಯಲ್ಲಿ ನಿಂತು ಫೋನ್ ಮಾಡುತ್ತಾರೆ. ಕಾಂಪೌಂಡ್ ಗೋಡೆಯ ಮೇಲೋ, ಜಗಲಿಯ ಮೇಲೋ ಮನೆಯವರು ಮೊದಲೇ ಒಂದು ಖಾಲಿ ಪ್ಲಾಸ್ಟಿಕ್ ಬುಟ್ಟಿ ಇಟ್ಟಿರುತ್ತಾರೆ. ತಂದವರು ಚೀಲವನ್ನು ಅದರಲ್ಲಿಳಿಸಿ, ಬಿಲ್ ಮೇಲಿಟ್ಟು, ನಾಲ್ಕು ಹೆಜ್ಜೆ ಹಿಂದೆ ಸರಿದು ನಿಲ್ಲುತ್ತಾರೆ. ಆಮೇಲೆ ಮನೆಯವರು ಮಾಸ್ಕ್ ಹಾಕಿಕೊಂಡು ಬಾಗಿಲು ತೆರೆದು ಬುಟ್ಟಿ ಒಳಗೆ ತೆಗೆದುಕೊಳ್ಳುತ್ತಾರೆ. ಮೇಲಂತಸ್ತಿನ ಮನೆಯಾದರೆ ಬುಟ್ಟಿಗೆ ಹಗ್ಗ ಕಟ್ಟಿ ಇಳಿಬಿಟ್ಟರಾಯಿತು. ನಾಯಿ, ಮಂಗಗಳ ಕಾಟ ಇರುವ ಬೀದಿಯಾದರೆ ಸಾಮಾನು ಒಳಗೆ ಹೋಗುವವರೆಗೆ ತಂದವರು ದೂರದಲ್ಲೇ ನಿಂತು ನೋಡಿಕೊಳ್ಳಬೇಕು.

ದುಡ್ಡು ಮೊಬೈಲ್‌ನಲ್ಲಿ ಕಳಿಸಬಹುದು. ಅದು ಗೊತ್ತಿಲ್ಲದ ಹಿರಿಯರಾದರೆ ಕವರಿನಲ್ಲಿ ಹಾಕಿ ಬುಟ್ಟಿಯಲ್ಲಿಟ್ಟರೂ ಸರಿ, ಅಂಗಡಿಯ ಲೆಕ್ಕಕ್ಕೆ ಬರೆಸಿ ಗುಣವಾದ ಮೇಲೆ ಕೊಟ್ಟರೂ ಸರಿ. ನೋಟು ಮುಟ್ಟಿದ ಕೈ ತೊಳೆದರೆ ಸಾಕು, ಇಸ್ತ್ರಿ ಪೆಟ್ಟಿಗೆಯಲ್ಲಿ ನೋಟು ಕಾಯಿಸಬೇಕಿಲ್ಲ.

ತಪ್ಪು ಕಲ್ಪನೆ 6: ಸೋಂಕು ಬಂದ ಮನೆಯ ಹತ್ತಿರ ಸುಳಿಯಲೇಬಾರದು, ಅವರಿಗೆ ಸಾಮಾನು ಕೊಟ್ಟರೆ ನಮಗೂ ಅಂಟುತ್ತದೆ

ವಾಸ್ತವ: ಹಾಸನ ಜಿಲ್ಲೆ 2020ರ ಮೇ ಆರಂಭದವರೆಗೆ ಹಸಿರು ವಲಯವಾಗಿತ್ತು. ಮೇ 12ರಂದು ಮೊದಲ ಪ್ರಕರಣಗಳು ಕಂಡುಬಂದವು, ಮುಂಬೈನಿಂದ ಚನ್ನರಾಯಪಟ್ಟಣ ತಾಲ್ಲೂಕಿಗೆ ಮರಳಿದ್ದ ಒಂದೇ ಕುಟುಂಬದ ಐವರಲ್ಲಿ. ಚನ್ನರಾಯಪಟ್ಟಣದ ಕಡೆಯಿಂದ ದುಡಿಮೆಗಾಗಿ ಮುಂಬೈ ಸೇರಿದವರು ಬಹಳ. ಕೆಲಸ ಹೋಗಿ, ಬಾಡಿಗೆ ಕಟ್ಟಲಾಗದೆ ಹುಟ್ಟಿದೂರಿಗೆ ಬಂದವರು ಅವರು. ‘ಮುಂಬೈನಿಂದ ಬಂದವರು’ ಎಂಬ ಮಾತು ಅಲ್ಲಿಂದಾಚೆಗೆ ನೆಂಟರನ್ನೂ ದೂರ ನಿಲ್ಲಿಸುವ ಮಾತಾಯಿತು. ಮನೆ ಮುಂದೆ ಪೋಸ್ಟರ್, ಬೀದಿಗೆ ತಗಡಿನ ಶೀಟು, ಕೈಮೇಲೆ ಕ್ವಾರಂಟೈನ್ ಸೀಲು. ಇವು ಎಚ್ಚರಿಕೆಯ ಗುರುತಾಗಿ ಬಂದು ಅವಮಾನದ ಗುರುತಾಗಿ ಉಳಿದವು. ಹೀಗೆ ಪೋಸ್ಟರ್ ಅಂಟಿಸುವ ಪದ್ಧತಿಯ ವಿಚಾರ ಸುಪ್ರೀಂ ಕೋರ್ಟಿಗೂ ಹೋಯಿತು. ವಿಪತ್ತು ನಿರ್ವಹಣಾ ಕಾಯ್ದೆಯಡಿ ಸಕ್ಷಮ ಪ್ರಾಧಿಕಾರ ನಿರ್ದಿಷ್ಟವಾಗಿ ಆದೇಶಿಸಿದ ಹೊರತು ರೋಗಿಗಳ ಮನೆ ಹೊರಗೆ ಪೋಸ್ಟರ್ ಅಂಟಿಸಬಾರದು ಎಂದು ಕೋರ್ಟ್ 2020ರ ಡಿಸೆಂಬರ್ 9ರಂದು ಹೇಳಿತು.

ಅವಮಾನದಿಂದ ರೋಗ ನಿಲ್ಲುವುದಿಲ್ಲ, ಬಚ್ಚಿಟ್ಟುಕೊಳ್ಳುತ್ತದೆ. ‘ಗೊತ್ತಾದರೆ ಅಂಗಡಿಯವರು ಸಾಮಾನು ಕೊಡಲ್ಲ, ಹಾಲಿನವರು ಬರಲ್ಲ’ ಎಂಬ ಹೆದರಿಕೆ ಇದ್ದ ಮನೆಯವರು ಪರೀಕ್ಷೆ ಮಾಡಿಸಿಕೊಳ್ಳುವುದೇ ಇಲ್ಲ. ಜ್ವರವನ್ನು ನುಂಗಿಕೊಂಡು ಅಂಗಡಿಗೂ ಹೋಗುತ್ತಾರೆ, ಮದುವೆಗೂ ಹೋಗುತ್ತಾರೆ. ಸಾಮಾನು ನಿಶ್ಚಿತವಾಗಿ ಬರುತ್ತದೆಂದು ಗೊತ್ತಿರುವ ಮನೆಯವರು ಮಾತ್ರ ಕಾಯಿಲೆಯನ್ನು ಧೈರ್ಯವಾಗಿ ಹೇಳಿಕೊಳ್ಳುತ್ತಾರೆ. ಬುಟ್ಟಿಯಲ್ಲಿ ಸಾಮಾನಿಟ್ಟು ಹಿಂದೆ ಸರಿಯುವವರಿಗೆ ಅಪಾಯ ತೀರಾ ಕಡಿಮೆ. ಸಾಮಾನು ಸಿಗದ ರೋಗಿ ಬೀದಿಗೆ ಬಂದರೆ ಇಡೀ ಬೀದಿಗೆ ಅಪಾಯ.

ಹಳೇ ಮೈಸೂರು ಸೀಮೆಯಲ್ಲಿ ಪ್ಲೇಗ್ ಬಂದ ಕಾಲಕ್ಕೆ ಊರಿಗೆ ಊರೇ ಹೊಲದ ಗುಡಿಸಲುಗಳಿಗೆ ಹೋಗಿ ಇದ್ದು ಬರುತ್ತಿತ್ತು. ಎಲ್ಲರೂ ಒಟ್ಟಿಗೆ ಹೋದದ್ದರಿಂದ ಕಷ್ಟವೂ ಒಟ್ಟಿಗೇ ಇತ್ತು. ಈಗ ಒಂದೊಂದೇ ಮನೆ ಬಾಗಿಲು ಹಾಕಿಕೊಳ್ಳುತ್ತದೆ. ಆದ್ದರಿಂದ ಅಕ್ಕಪಕ್ಕದವರ ಹೊಣೆ ಈಗ ಇನ್ನೂ ಹೆಚ್ಚು.

ತಪ್ಪು ಕಲ್ಪನೆ 7: ರೇಷನ್ ಬೇಕಾದರೆ ಕಾರ್ಡಿನ ಯಜಮಾನರೇ ಹೋಗಿ ಹೆಬ್ಬೆಟ್ಟು ಒತ್ತಲೇಬೇಕು

ವಾಸ್ತವ: ಕಾರ್ಡಿನಲ್ಲಿ ಹೆಸರಿರುವ, ಆಧಾರ್ ಜೋಡಣೆಯಾಗಿರುವ ಯಾವ ಸದಸ್ಯರಾದರೂ ಹೋಗಿ ಪಡಿತರ ತರಬಹುದು. ಅಜ್ಜನ ಹೆಸರಿನ ಕಾರ್ಡು ಎಂದು ಅಜ್ಜನನ್ನೇ ಕೈ ಹಿಡಿದು ಸೊಸೈಟಿ ಮುಂದೆ ನಿಲ್ಲಿಸಬೇಕಿಲ್ಲ. 2020ರಲ್ಲಿ ಬೆರಳಚ್ಚಿನ ಯಂತ್ರವನ್ನು ಎಲ್ಲರೂ ಮುಟ್ಟಬಾರದೆಂದು ಅದನ್ನು ಕೆಲಕಾಲ ನಿಲ್ಲಿಸಿ, ಮೊಬೈಲ್‌ಗೆ ಬರುವ ಒಟಿಪಿ ಮೂಲಕ ಪಡಿತರ ಕೊಡುವ ಅವಕಾಶವನ್ನು ಸರ್ಕಾರ ಮಾಡಿತ್ತು. ಏಪ್ರಿಲ್‌ನಲ್ಲಿ ಎರಡು ತಿಂಗಳ ಅಕ್ಕಿಯನ್ನು ಒಟ್ಟಿಗೆ ಕೊಟ್ಟದ್ದೂ ಜನ ಎರಡು ಸಲ ಬರುವುದನ್ನು ತಪ್ಪಿಸಲೆಂದೇ. ಅದೇ ತಿಂಗಳಿಂದ ಕೇಂದ್ರದ ಗರೀಬ್ ಕಲ್ಯಾಣ್ ಅನ್ನ ಯೋಜನೆಯಡಿ ಒಬ್ಬರಿಗೆ ತಿಂಗಳಿಗೆ 5 ಕೆಜಿ ಧಾನ್ಯ ಉಚಿತವಾಗಿ ಸೇರಿತು.

ಮನೆಯಲ್ಲಿ ಹಿರಿಯರು ಮಾತ್ರ ಇದ್ದರೆ? 2024-25ರ ರಾಜ್ಯ ಬಜೆಟ್ ‘ಅನ್ನ ಸುವಿಧಾ’ ಯೋಜನೆ ಘೋಷಿಸಿತು. 80 ವರ್ಷ ದಾಟಿದ ಹಿರಿಯರ ಮನೆಗೆ ಪಡಿತರ ತಲುಪಿಸುವುದು ಆಗ ಅದರ ಉದ್ದೇಶವಾಗಿತ್ತು. ನಿಮ್ಮ ಬೀದಿಯಲ್ಲಿ ಅಂಥ ಅಜ್ಜ-ಅಜ್ಜಿ ಇದ್ದರೆ ನ್ಯಾಯಬೆಲೆ ಅಂಗಡಿಯಲ್ಲೋ ತಾಲ್ಲೂಕು ಕಚೇರಿಯ ಆಹಾರ ಶಾಖೆಯಲ್ಲೋ ಅವರ ಪರವಾಗಿ ವಿಚಾರಿಸಿ. ಆಧಾರ್, ಮೊಬೈಲ್ ನಂಬರ್ ಜೋಡಣೆ ಬಾಕಿ ಇದ್ದರೆ ಈಗಲೇ ಸರಿಪಡಿಸಿಕೊಡಿ. ಎಲ್ಲ ಕಚೇರಿ ಬಾಗಿಲು ಹಾಕಿದ ಮೇಲೆ ಆ ಕೆಲಸಕ್ಕೆ ಹೊರಡುವುದು ಬೆಂಕಿ ಬಿದ್ದ ಮೇಲೆ ಬಾವಿ ತೋಡಿದ ಹಾಗೆ.

ತಪ್ಪು ಕಲ್ಪನೆ 8: ಅಕ್ಕಿ, ಬೇಳೆ, ತರಕಾರಿ ಬಂದರೆ ಎಲ್ಲ ಬಂದ ಹಾಗೆ

ವಾಸ್ತವ: ಹಾಸನ ಪಟ್ಟಣದ ಬಡಾವಣೆಯ ಮನೆಗೂ ಅರಕಲಗೂಡು ತಾಲ್ಲೂಕಿನ ಹಳ್ಳಿ ಮನೆಗೂ ಬೇಕಾದದ್ದು ಒಂದೇ ಅಲ್ಲ. ಹಳ್ಳಿಯ ಮನೆಯಲ್ಲಿ ಎಲ್ಲರೂ ಹಾಸಿಗೆ ಹಿಡಿದರೆ ಕೊಟ್ಟಿಗೆಯಲ್ಲಿ ಹಸು ನಿಂತೇ ಇರುತ್ತದೆ. ಅದಕ್ಕೆ ಬೂಸಾ, ಹಿಂಡಿ, ಹಸಿ ಹುಲ್ಲು ಯಾರು ತರಬೇಕು? ಬೆಳಗ್ಗೆ, ಸಂಜೆ ಕರೆದ ಹಾಲನ್ನು ಡೇರಿಗೆ ಯಾರು ಹಾಕಬೇಕು? ಹಾಸನ ಹಾಲು ಒಕ್ಕೂಟಕ್ಕೆ ಹಾಲು ಹಾಕುವ ಸಾವಿರಾರು ಮನೆಗಳಿಗೆ ಡೇರಿಯ ಬಟವಾಡೆಯೇ ಸಂಸಾರ ನಡೆಸುವ ದುಡ್ಡು. ಹಾಲು ಹಾಕುವುದು ನಿಂತರೆ ದಿನಸಿ ಕೊಳ್ಳುವ ಕಾಸೂ ನಿಲ್ಲುತ್ತದೆ. ಮೇ ತಿಂಗಳೆಂದರೆ ಆಲೂಗಡ್ಡೆ ಬಿತ್ತನೆಯ ಹೊತ್ತು, ತಂಬಾಕಿನ ಸಸಿ ನಾಟಿಯ ಹೊತ್ತು. ಅದು ತಪ್ಪಿದರೆ ವರ್ಷದ ಆದಾಯವೇ ಹೋಯಿತು. ಆದ್ದರಿಂದ ಹಳ್ಳಿಯಲ್ಲಿ ‘ನಿಮಗೇನು ತರಲಿ?’ ಎಂದು ಕೇಳುವವರು ‘ಹಸುವಿಗೆ ಏನು ಬೇಕು, ಹೊಲದಲ್ಲಿ ಏನು ಬಾಕಿ ಇದೆ?’ ಎಂದೂ ಕೇಳಬೇಕು. ಕಾಯಿಲೆ ಇಲ್ಲದ ಪಕ್ಕದ ಮನೆಯವರು ಹತ್ತು ದಿನ ಹಾಲು ಕರೆದು ಡೇರಿಗೆ ಹಾಕಿಕೊಟ್ಟರೆ ಅದು ದಿನಸಿ ತಂದುಕೊಟ್ಟದ್ದಕ್ಕಿಂತ ಕಡಿಮೆ ಸಹಾಯವೇನಲ್ಲ.

ಪಟ್ಟಣದ ಮನೆಯ ಪಟ್ಟಿಯಲ್ಲಿ ಮರೆತು ಹೋಗುವವು ಬೇರೆ: ಬಿಪಿ, ಸಕ್ಕರೆ ಕಾಯಿಲೆಯ ಮಾತ್ರೆ, ಕುಡಿಯುವ ನೀರಿನ ಕ್ಯಾನ್, ಹೆಣ್ಣುಮಕ್ಕಳ ಪ್ಯಾಡ್, ಮಗುವಿನ ಹಾಲಿನ ಪುಡಿ, ಮೊಬೈಲ್ ರೀಚಾರ್ಜ್. ಮಾತ್ರೆಯ ಹೆಸರನ್ನು ಬಾಯಲ್ಲಿ ಹೇಳದೆ ಖಾಲಿ ಸ್ಟ್ರಿಪ್‌ನ ಫೋಟೊ ಕಳಿಸಿದರೆ ಮೆಡಿಕಲ್ ಸ್ಟೋರಿನವರು ತಪ್ಪು ಮಾತ್ರೆ ಕೊಡುವ ಸಂಭವ ಕಡಿಮೆ. ಕೈಯಲ್ಲಿ ನಗದು ಮುಗಿದವರಿಗೆ ಒಂದು ದಾರಿ ಅಂಚೆ ಕಚೇರಿ. ಆಧಾರ್ ಜೋಡಣೆಯಾದ ಬ್ಯಾಂಕ್ ಖಾತೆಯ ಹಣವನ್ನು ಅಂಚೆಯವರು ಇಂಡಿಯಾ ಪೋಸ್ಟ್ ಪೇಮೆಂಟ್ಸ್ ಬ್ಯಾಂಕ್ ಮೂಲಕ ಮನೆ ಬಾಗಿಲಲ್ಲೇ ಕೊಡುತ್ತಾರೆ. 2020ರ ಲಾಕ್‌ಡೌನ್‌ನಲ್ಲಿ ಬ್ಯಾಂಕಿಗೆ ಹೋಗಲಾಗದ ಎಷ್ಟೋ ಪಿಂಚಣಿದಾರರ ಕೈ ಹಿಡಿದದ್ದು ಈ ಸೇವೆ.

ತಪ್ಪು ಕಲ್ಪನೆ 9: ಮಕ್ಕಳು ಬೆಂಗಳೂರಿನಿಂದಲೋ ಅಮೆರಿಕದಿಂದಲೋ ಆರ್ಡರ್ ಹಾಕುತ್ತಾರೆ, ಹಿರಿಯರಿಗೇನು ಚಿಂತೆ?

ವಾಸ್ತವ: ಹೊಳೆನರಸೀಪುರದಂಥ ಊರಿನ ಒಂದೊಂದು ಬೀದಿಯಲ್ಲೂ ಅಪ್ಪ-ಅಮ್ಮ ಇಬ್ಬರೇ ಇರುವ ಮನೆಗಳಿವೆ. ಮಕ್ಕಳು ದೂರದಿಂದ ದುಡ್ಡು ಕಟ್ಟಬಹುದು, ಬಾಗಿಲಿಗೆ ಸಾಮಾನು ತರಲು ಊರಿನವರೇ ಬೇಕು. ಮಕ್ಕಳ ಫೋನಿನಲ್ಲಿ ಊರಿನ ದಿನಸಿ ಅಂಗಡಿಯವರ, ಮೆಡಿಕಲ್ ಸ್ಟೋರಿನವರ, ಪಕ್ಕದ ಮನೆಯವರ, ಆಶಾ ಕಾರ್ಯಕರ್ತೆಯ ನಂಬರ್ ಇರಲೇಬೇಕು.

ಪರಿಚಯದ ಅಂಗಡಿಗೆ ಫೋನ್ ಮಾಡುವುದರಲ್ಲಿ ಇನ್ನೊಂದು ಲಾಭವಿದೆ. ‘ಅಜ್ಜಿ, ಬೇಳೆ ಎಷ್ಟು ಹಾಕ್ಲಿ?’ ಎಂದು ಅಂಗಡಿಯವರು ಕೇಳುತ್ತಾರೆ. ‘ಒಂದ್ ಕೆಜಿ... ಸಾಕಪ್ಪಾ...’ ಎಂದು ಅಜ್ಜಿ ಮಾತು ಮಾತಿಗೂ ಉಸಿರು ಎಳೆದುಕೊಳ್ಳುತ್ತಿದ್ದರೆ, ಹತ್ತು ವರ್ಷದಿಂದ ಆ ದನಿ ಕೇಳಿದವರಿಗೆ ಏನೋ ಸರಿಯಿಲ್ಲವೆಂದು ತಕ್ಷಣ ಗೊತ್ತಾಗುತ್ತದೆ. ಕೋವಿಡ್‌ನಲ್ಲಿ ಹಲವರಿಗೆ ಆಮ್ಲಜನಕ ಇಳಿದದ್ದು ತಮಗೇ ತಿಳಿಯುತ್ತಿರಲಿಲ್ಲ. ಆಕ್ಸಿಮೀಟರ್‌ನಲ್ಲಿ 94ಕ್ಕಿಂತ ಕಡಿಮೆ ತೋರಿಸಿದರೆ, ಒಂದು ವಾಕ್ಯ ಮುಗಿಸುವಷ್ಟರಲ್ಲಿ ಏದುಸಿರು ಬಂದರೆ, ತಡ ಮಾಡದೆ 108ಕ್ಕೆ ಕರೆ ಮಾಡಬೇಕು. ದಿನಸಿಗೆ ಬರುವ ಆ ಒಂದು ಫೋನ್ ಕರೆ ಒಂಟಿಯಾಗಿರುವವರ ಆರೋಗ್ಯ ವಿಚಾರಿಸುವ ಕರೆಯೂ ಹೌದು. ಆ್ಯಪ್‌ನ ಗುಂಡಿಗೆ ಆ ಕಿವಿ ಇಲ್ಲ.

ಪರಿಚಯವಿಲ್ಲದ ನಂಬರ್‌ಗಳ ಬಗ್ಗೆ ಎಚ್ಚರ ಬೇಕು. ‘ಮನೆಗೆ ಸಾಮಾನು ತಲುಪಿಸುತ್ತೇವೆ, ಮೊದಲು ದುಡ್ಡು ಹಾಕಿ’ ಎಂಬ ಸಂದೇಶ, ‘ವಾಪಸ್ ಬರಬೇಕಾದ ಹಣಕ್ಕೆ ನಿಮ್ಮ ಪಿನ್ ಒತ್ತಿ’ ಎಂಬ ಕರೆ, ಎರಡೂ ಮೋಸ. ಹಣ ಪಡೆಯಲು ಪಿನ್ ಒತ್ತಬೇಕಾಗಿಯೇ ಇಲ್ಲ. ಪಿನ್ ಬೇಕಾಗುವುದು ಹಣ ಕೊಡುವಾಗ ಮಾತ್ರ. ಮೋಸ ಹೋಗಿದ್ದರೆ ಕೂಡಲೇ 1930ಕ್ಕೆ ಕರೆ ಮಾಡಿ. ಮನೆಗೆ ತಲುಪಿಸಿದ್ದಕ್ಕೆ ಅಂಗಡಿಯವರು ಇಂತಿಷ್ಟು ಎಂದು ಬೇರೆಯಾಗಿ ಹೇಳಿ ಪಡೆಯುವುದು ನ್ಯಾಯ, ಪ್ಯಾಕೆಟ್ ಮೇಲಿನ ಗರಿಷ್ಠ ಬೆಲೆಗಿಂತ ಹೆಚ್ಚು ಪಡೆಯುವುದು ಅಪರಾಧ. ಅದಕ್ಕೆ ದೂರು ಕೊಡಲು ಗ್ರಾಹಕ ಸಹಾಯವಾಣಿ 1915 ಇದೆ. ಬಿಸಿಲಲ್ಲಿ ಸೈಕಲ್ ತುಳಿದುಕೊಂಡು ಬರುವ ಹುಡುಗನಿಗೂ ಮನೆಯಲ್ಲಿ ಅಪ್ಪ-ಅಮ್ಮ ಇದ್ದಾರೆ. ಅವನಿಗೆ ಮಾಸ್ಕ್, ಕುಡಿಯಲು ನೀರು, ಸರಿಯಾದ ಕೂಲಿ ಕೊಡುವುದು ಎಲ್ಲರ ಹೊಣೆ.

ಈಗಲೇ ಮಾಡಿಟ್ಟುಕೊಳ್ಳಬೇಕಾದ್ದು

ಕೋವಿಡ್ ಜಾಗತಿಕ ತುರ್ತು ಪರಿಸ್ಥಿತಿ ಮುಗಿಯಿತೆಂದು ವಿಶ್ವ ಆರೋಗ್ಯ ಸಂಸ್ಥೆ 2023ರ ಮೇ 5ರಂದು ಘೋಷಿಸಿತು. ಮನೆ ಬಿಟ್ಟು ಹೊರಗೆ ಹೋಗಲಾಗದವರು ಮಾತ್ರ ಎಲ್ಲ ಕಾಲಕ್ಕೂ ಇರುತ್ತಾರೆ. ಡೆಂಗಿಯಿಂದ ನಿತ್ರಾಣರಾದವರು, ಬಚ್ಚಲಲ್ಲಿ ಜಾರಿ ಸೊಂಟ ಮುರಿದುಕೊಂಡವರು, ಬಾಣಂತಿಯರು, ವಾರಕ್ಕೆರಡು ಸಲ ಡಯಾಲಿಸಿಸ್‌ಗೆ ಹೋಗುವವರು. ಅವರಿಗಾಗಿ ಈಗ ಕಟ್ಟಿಕೊಂಡ ಏರ್ಪಾಡೇ ನಾಳೆ ಇನ್ನೊಂದು ಸಾಂಕ್ರಾಮಿಕ ಬಂದಾಗ ಇಡೀ ಊರಿಗೆ ಒದಗುತ್ತದೆ.

ಅದಕ್ಕೆ ಬೇಕಾದದ್ದು ಒಂದು ಹಾಳೆ ಕಾಗದ. ನಿಮ್ಮ ಬೀದಿಯಲ್ಲಿ ಒಂಟಿಯಾಗಿರುವ ಹಿರಿಯರು ಯಾರು, ಅವರು ನಿತ್ಯ ನುಂಗುವ ಮಾತ್ರೆ ಯಾವುದು, ಸಾಮಾನು ತರುವುದು ಯಾವ ಅಂಗಡಿಯಿಂದ, ತಂದುಕೊಡಲು ಒಪ್ಪಿದವರು ಯಾರು, ಅವರಿಗಾಗದಿದ್ದರೆ ಇನ್ಯಾರು. ಆ ಹಿರಿಯರ ಒಪ್ಪಿಗೆ ಪಡೆದು ಇಷ್ಟನ್ನು ಬರೆದು, ಒಂದು ಪ್ರತಿಯನ್ನು ಆಶಾ ಕಾರ್ಯಕರ್ತೆಗೆ, ಒಂದು ಪ್ರತಿಯನ್ನು ಪಂಚಾಯಿತಿಗೋ ಪುರಸಭೆಗೋ ಕೊಡಿ. ವರ್ಷಕ್ಕೊಮ್ಮೆ, ಯುಗಾದಿ ಹೊತ್ತಿಗೆ, ಅದನ್ನು ತಿದ್ದಿ. ಅಕ್ಕಿ ಬೇಳೆಗೆ ನಮ್ಮ ಜಿಲ್ಲೆಯಲ್ಲಿ ಬರವಿಲ್ಲ, ತಂದುಕೊಡುವ ಕೈಗಳಿಗೂ ಬರವಿಲ್ಲ. ಯಾರ ಕೈ ಯಾರ ಬಾಗಿಲಿಗೆ ಎಂಬುದನ್ನು ಕಾಯಿಲೆ ಬರುವ ಮೊದಲೇ ನಿಶ್ಚಯಿಸಿಕೊಳ್ಳುವುದೊಂದೇ ಬಾಕಿ ಇರುವ ಕೆಲಸ. ಅದನ್ನು ಈ ಭಾನುವಾರವೇ ಶುರು ಮಾಡಬಹುದು.